ರೇಡಿಯೋದಲ್ಲಿ ಕೇಳಿದ ಸಿನಿಮಾ

ಆ ಸಿನಿಮಾವನ್ನು ವನಮಾಲಾ ಒಂದು ಸಲವೂ ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಖಾರಘರದ ಅವಳ ಹೌಸಿಂಗ್ ಸೊಸೈಟಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಅದೊಂದು ಹೇಳಬೇಕಾದ ಸಂಗತಿ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಉಡುಪಿಯ ಹತ್ತಿರ ಅವಳು ಬೆಳೆದ ಮನೆಯಲ್ಲಿ ಹೆಣ್ಣುಮಕ್ಕಳನ್ನು ಥಿಯೇಟರಿಗೆ ಕಳಿಸುವ ಪದ್ಧತಿ ಇರಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಸಿನಿಮಾ ಬರುತ್ತಿತ್ತಲ್ಲ! ಎರಡೂವರೆ ಗಂಟೆಯ ಚಿತ್ರದ ಬರೀ ಧ್ವನಿಯನ್ನು ತೆಗೆದು, ಮುಖ್ಯವಾದ ಮಾತು, ಹಾಡು ಇಷ್ಟನ್ನು ಉಳಿಸಿ, ಒಂದು ಗಂಟೆಗೆ ಇಳಿಸಿ ಹಾಕುತ್ತಿದ್ದರು. ಊಟ ಮುಗಿಸಿ, ನೆಲ ಒರೆಸಿ, ಗೋಡೆಗೊರಗಿ ಕೂತರೆ ಅದೇ ಥಿಯೇಟರು. "ನಿನ್ನೆ ಸಿನಿಮಾ ಕೇಳಿದೆಯಾ?" ಅಂತ ಸೋಮವಾರ ಶಾಲೆಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದರು. ಕೇಳಿದೆ ಅಂದರೆ ನೋಡಿದ ಹಾಗೆಯೇ ಲೆಕ್ಕ.

ಸಿನಿಮಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಮೊಬೈಲು ತೆಗೆದು ಕೊನೆಯ ಹತ್ತು ನಿಮಿಷ ನೋಡಿಬಿಡುತ್ತೀರಿ. ಕಥೆ ಇಷ್ಟೇ. ವೀಣೆ ನುಡಿಸುವ ಹೆಂಡತಿ, ವೀಣೆಯ ಸದ್ದೆಂದರೆ ಆಗದ ಗಂಡ. ಅವನು ಒಂದು ದಿನ ಆಡಬಾರದ ಮಾತು ಆಡುತ್ತಾನೆ, ಅವಳು ತವರಿಗೆ ಹೋಗುತ್ತಾಳೆ. ನಡುವೆ ಮೂರು ಹಾಡು. ಕೊನೆಯಲ್ಲಿ ಬಾಗಿಲು ಕಿರುಗುಟ್ಟುತ್ತದೆ. "ಬಾ. ನಿನ್ನ ವೀಣೆ ಅಲ್ಲೇ ಇದೆ, ಯಾರೂ ಮುಟ್ಟಿಲ್ಲ," ಅನ್ನುತ್ತಾನೆ ಗಂಡ. ಹೆಜ್ಜೆಯ ಸಪ್ಪಳ ಒಳಗೆ ಹೋಗುತ್ತದೆ. ವೀಣೆ ಶುರುವಾಗುತ್ತದೆ. ಆ ವೀಣೆಯ ಮೇಲೆಯೇ ರೇಡಿಯೋದವರು ನಟರ ಹೆಸರು ಓದಿ, ಮುಂದೆ ಕೃಷಿರಂಗ ಅಂತ ಹೇಳುತ್ತಿದ್ದರು.

ವನಮಾಲಾಳ ಬಾಳಿನಲ್ಲಿ ಆ ವೀಣೆ ಒಂದು ದೊಡ್ಡ ಕೆಲಸ ಮಾಡಿತ್ತು. ಎಪ್ಪತ್ತೊಂಬತ್ತರಲ್ಲಿ, ಮದುವೆಯಾಗಿ ಡೊಂಬಿವಲಿಗೆ ಬಂದು ಎರಡು ವರ್ಷಕ್ಕೆ, ಅಲ್ಲಿ ಹೋಟೆಲು ನಡೆಸುತ್ತಿದ್ದ ಗಂಡ ವಿಷ್ಣುಮೂರ್ತಿ ಅವಳ ಹಾರ್ಮೋನಿಯಂ ಅನ್ನು ಹೋಟೆಲಿನವರ ಭಜನಾ ಮಂಡಳಿಗೆ ಕೊಟ್ಟುಬಿಟ್ಟರು. ಕೇಳಿದರು, ಕೊಟ್ಟೆ, ಮನೆಯಲ್ಲಿ ಸುಮ್ಮನೆ ಬಿದ್ದಿತ್ತಲ್ಲ ಅಂದರು. ಅದು ಅವಳ ಅಪ್ಪ ಕೊಡಿಸಿದ್ದು. ಸುಮ್ಮನೆ ಬಿದ್ದಿರಲೂ ಇಲ್ಲ, ದಿನಾ ಸಂಜೆ ಅವಳು ಅದರ ಎದುರು ಕೂರುತ್ತಿದ್ದಳು. ಆ ಹೊತ್ತಿಗೆ ಹೋಟೆಲಿನಲ್ಲಿ ದೋಸೆಯ ಗಿರಾಕಿಗಳ ನೂಕುನುಗ್ಗಲು, ಅವರಿಗೆ ಗೊತ್ತಾಗುವುದು ಹೇಗೆ? ಮೂರನೆಯ ದಿನ ಅವಳು ಊರಿನ ಬಸ್ಸು ಹತ್ತಿದಳು. ನಾಲ್ಕು ತಿಂಗಳು ತಾಯಿಯ ಮನೆಯಲ್ಲಿದ್ದಳು. ಒಂದು ಭಾನುವಾರ ಅದೇ ಸಿನಿಮಾ ಮತ್ತೆ ರೇಡಿಯೋದಲ್ಲಿ ಬಂತು. ಕೇಳಿ ಅತ್ತಳು, ಮಂಗಳವಾರ ಡೊಂಬಿವಲಿಯ ಬಸ್ಸು ಹತ್ತಿದಳು.

ಹಾರ್ಮೋನಿಯಂ ಮಾತ್ರ ವಾಪಸ್ ಬರಲಿಲ್ಲ. ಕೊಟ್ಟದ್ದನ್ನು ಹೇಗೆ ಕೇಳುವುದು ಅಂತ ವಿಷ್ಣುಮೂರ್ತಿ ಅಂದರು. ಪ್ರತಿ ಶನಿವಾರ ಮಂಡಳಿಯ ಭಜನೆಯಲ್ಲಿ ಬೇರೆ ಯಾರೋ ಅದನ್ನು ತಪ್ಪುತಪ್ಪಾಗಿ ನುಡಿಸುವುದನ್ನು ಅವಳು ಹೆಂಗಸರ ಸಾಲಿನಲ್ಲಿ ಕೂತು ಕೇಳಿದಳು. ಆದರೂ ಬಾಳು ಚೆನ್ನಾಗಿಯೇ ನಡೆಯಿತು, ಅದರಲ್ಲಿ ಸುಳ್ಳಿಲ್ಲ. "ಆ ಒಂದು ಸಿನಿಮಾ ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ," ಅಂತ ಅವಳು ಎಷ್ಟೋ ಜನರ ಹತ್ತಿರ ಹೇಳಿದ್ದಳು. ಹೇಳುವಾಗ ವಿಷ್ಣುಮೂರ್ತಿ ಪಕ್ಕದಲ್ಲೇ ಇರುತ್ತಿದ್ದರು, ಹಲ್ಲುಕಡ್ಡಿ ಹುಡುಕುತ್ತಲೋ ಪೇಪರು ಮಡಚುತ್ತಲೋ.

ಎರಡು ಸಾವಿರದ ಹನ್ನೊಂದರಲ್ಲಿ ಅವಳ ಮಂಡಿ ಕೈಕೊಟ್ಟಿತು. ಡೊಂಬಿವಲಿಯ ಮನೆಗೆ ಲಿಫ್ಟಿರಲಿಲ್ಲ, ನಾಲ್ಕನೆಯ ಮಾಳಿಗೆ. ಹೋಟೆಲನ್ನು ಮೈದುನನ ಮಗನಿಗೆ ಬಿಟ್ಟುಕೊಟ್ಟು, ಖಾರಘರದ ಗುಡ್ಡದ ಬುಡದಲ್ಲಿ ಎರಡು ಲಿಫ್ಟಿರುವ ಬಿಲ್ಡಿಂಗಿಗೆ ಬಂದರು. ಲಿಫ್ಟು ಬಂತು, ಗುರುತಿನವರು ಹೋದರು. ಡೊಂಬಿವಲಿಯಲ್ಲಿ ಕೊತ್ತಂಬರಿ ತರಲು ಇಳಿದರೆ ನಾಲ್ಕು ಜನ ಮಾತಾಡಿಸುತ್ತಿದ್ದರು. ಇಲ್ಲಿ ಆರು ತಿಂಗಳು ಅವಳು ವಾಚ್‌ಮನ್‌ನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಮಾತಾಡಲಿಲ್ಲ.

ಆಮೇಲೆ ಸಿಕ್ಕವಳು ಏಳನೆಯ ಮಾಳಿಗೆಯ ವಿಮಲಾ. ಮಂಗಳೂರು ಕಡೆಯವಳು, ಗಂಡ ದೇಜಪ್ಪ ಪನ್ವೇಲಿನಲ್ಲಿ ಒಂದು ಕಂಪೆನಿಯ ಕ್ಯಾಂಟೀನು ನಡೆಸುತ್ತಿದ್ದ. ವಿಮಲಾಳಿಂದ ಮೂರನೆಯ ಮಾಳಿಗೆಯ ಸ್ವರ್ಣಲತಾ ಪರಿಚಯವಾದಳು, ಧಾರವಾಡದವಳು, ಬ್ಯಾಂಕಿನಿಂದ ನಿವೃತ್ತಿಯಾದವಳು, ಬಾಯಿ ಜೋರು. ಮೂವರೂ ಸೇರಿ ಗುರುವಾರದ ಮಧ್ಯಾಹ್ನಕ್ಕೆ ಒಂದು ಕ್ರಮ ಮಾಡಿಕೊಂಡರು. ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ, ಆ ಮನೆಯವಳಿಗೆ ಇಷ್ಟದ ಹಳೆಯ ಸಿನಿಮಾ. ತಿಂಡಿಯೂ ಅವಳದೇ. ಹಾಡು ಬಂದಾಗ ಮೂವರೂ ದನಿ ಸೇರಿಸುತ್ತಿದ್ದರು. ಐವತ್ತೇಳನೆಯ ವಯಸ್ಸಿನಲ್ಲಿ ಹೊಸ ಗೆಳತಿಯರು ಸಿಗುವುದೆಂದರೆ ಏನು ಸಾಮಾನ್ಯದ ಮಾತೇ? ಬುಧವಾರ ರಾತ್ರಿಯೇ ವನಮಾಲಾಳಿಗೆ ಒಳಗೊಳಗೆ ಖುಷಿಯಾಗುತ್ತಿತ್ತು.

ಹೀಗಿರುವಾಗ ವಿಮಲಾಳ ಮಗಳು ಮಾನಸಿ ಐರೋಲಿಯ ಗಂಡನ ಮನೆ ಬಿಟ್ಟು ಬಂದಳು. ಮಾನಸಿ ವಾಶಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಗಂಡ ರಿತೇಶನ ತಾಯಿಗೆ ಆಪರೇಷನ್ ಆಗಿತ್ತು, ಮನೆಯಲ್ಲಿ ಒಬ್ಬರು ಬೇಕಿತ್ತು. ರಿತೇಶ ಹೆಂಡತಿಗೆ ಒಂದು ಮಾತೂ ಹೇಳದೆ ಲ್ಯಾಬಿಗೆ ಫೋನು ಮಾಡಿ, ನಾಳೆಯಿಂದ ಅವಳು ಬರುವುದಿಲ್ಲ ಅಂದ. ಮಾರನೆಯ ದಿನ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋದವಳಿಗೆ ವಿಷಯ ತಿಳಿದದ್ದು ಅಲ್ಲಿಯೇ, ಹತ್ತು ಜನರ ಎದುರು. ಅವಳು ಐರೋಲಿಗೆ ಹೋಗಲಿಲ್ಲ. ಅದೇ ಡಬ್ಬಿಯೊಂದಿಗೆ ಸೀದಾ ಖಾರಘರಕ್ಕೆ ಬಂದಳು.

"ಅಕ್ಕ, ಬರುವ ಆದಿತ್ಯವಾರ ರಿತೇಶ ಕರ್ಕೊಂಡು ಹೋಗ್ಲಿಕ್ಕೆ ಬರ್ತಾನಂತೆ," ಅಂದಳು ವಿಮಲಾ, ವನಮಾಲಾಳ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ. "ಇವಳು ಹ್ಞೂಂ ಅನ್ನುವುದಿಲ್ಲ, ಊಹ್ಞೂಂ ಅನ್ನುವುದಿಲ್ಲ. ಇವಳ ಅಪ್ಪ ಇವಳ ಹತ್ತಿರ ಮಾತು ಬಿಟ್ಟು ತಿಂಗಳಾಯ್ತು. ನನ್ನ ಮಾತು ಅಂದ್ರೆ ಅವಳಿಗೆ ಫ್ಯಾನಿನ ಗಾಳಿ. ನೀವು ಹೇಳಿದ್ರೆ ಕೇಳ್ತಾಳೆ. ಒಮ್ಮೆ ಹೇಳಿ ಮಾರಾಯ್ರೆ, ನಿಮ್ಮ ಕಾಲಿಗೆ ಬೀಳ್ತೇನೆ."

"ಕಾಲಿಗೆಲ್ಲ ಬೀಳುವುದು ಬೇಡ," ಅಂದಳು ವನಮಾಲಾ. "ನಾಡಿದ್ದು ಗುರುವಾರ ನನ್ನ ಸರದಿ ಅಲ್ವಾ? ಅವಳನ್ನೂ ಕರ್ಕೊಂಡು ಬಾ. ನಾನು ಬಾಯಲ್ಲಿ ಹೇಳುವುದಕ್ಕಿಂತ ಆ ಸಿನಿಮಾ ಹೇಳುವುದು ಹೆಚ್ಚು."

ಅವಳಿಗೆ ಅನುಮಾನವೇ ಇರಲಿಲ್ಲ. ತನ್ನನ್ನು ಬಸ್ಸು ಹತ್ತಿಸಿದ ಸಿನಿಮಾ ಈ ಹುಡುಗಿಯನ್ನು ಲೋಕಲ್ ಟ್ರೇನು ಹತ್ತಿಸುವುದಿಲ್ಲವೇ? ಸ್ವರ್ಣಲತಾ ಬೆಂಗಳೂರಿನ ಅಣ್ಣನ ಮಗ ವಿಶ್ರುತನಿಗೆ ಹೇಳಿ ಆ ಸಿನಿಮಾದ ಎರಡು ಡಿಸ್ಕು ಮೊದಲೇ ತರಿಸಿಟ್ಟಿದ್ದಳು. ಕವರಿನ ಮೇಲೆ ಬೇರೆ ಯಾವುದೋ ಸಿನಿಮಾದ ಚಿತ್ರ ಅಂಟಿಸಿದ್ದರು, ಒಳಗಿದ್ದದ್ದು ಅದೇ.

ಗುರುವಾರ ಮೂರು ಗಂಟೆಗೆ ಎಲ್ಲರೂ ಬಂದರು. ವನಮಾಲಾ ಬಾಳೆಹಣ್ಣಿನ ಬನ್ಸ್ ಕರಿದಿದ್ದಳು. ವಿಷ್ಣುಮೂರ್ತಿ ಎರಡು ಬನ್ಸ್ ತಟ್ಟೆಗೆ ಹಾಕಿಕೊಂಡು, ಹೆಂಗಸರ ನಡುವೆ ನನಗೆಂತ ಕೆಲಸ ಅಂತ ಮಲಗುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಮಾನಸಿ ಸೋಫಾದ ತುದಿಯಲ್ಲಿ ಕೂತಳು. ಈ ಕಡೆಯೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತ್ರ ಅರ್ಧ ಹಿಂದಿ.

"ಆಂಟಿ, ಮಮ್ಮಿ ಎಲ್ಲ ಬೋಲ್ ದಿಯಾ," ಅಂದಳು. "ಇದು ನೋಡಿ ನಾನು ಐರೋಲಿಗೆ ಓಡಿಹೋಗಬೇಕು, ಹೈ ನಾ?"

"ಓಡುವುದು ಬೇಡ. ನೋಡು ಮಗಾ, ಅಷ್ಟೇ. ಆಮೇಲೆ ನಿನಗೆ ತೋಚಿದ ಹಾಗೆ ಮಾಡು."

"ಪಕ್ಕಾ? ಸಿನಿಮಾದಲ್ಲಿ ಏನು ಆಗ್ತದೋ ಅದೇ ಮಾಡಲಾ?" ಅಂದಳು ಮಾನಸಿ, ನಗುತ್ತ.

"ಅದೇ ಮಾಡು," ಅಂದಳು ವನಮಾಲಾ.

ಡಿಸ್ಕು ತಿರುಗಿತು. ಹೆಸರುಗಳು ಮುಗಿದು ಮೊದಲ ಹಾಡು ಬಂತು. ವನಮಾಲಾ ಈ ಹಾಡನ್ನು ಬಣ್ಣಿಸದ ದಿನವಿರಲಿಲ್ಲ. ಕೆಂಪು ಸೀರೆ, ತುಳಸಿಕಟ್ಟೆ, ಹಿತ್ತಲಲ್ಲಿ ಮಳೆ. ಪರದೆಯ ಮೇಲೆ ಮಳೆಯಿರಲಿಲ್ಲ, ತುಳಸಿಕಟ್ಟೆಯಿರಲಿಲ್ಲ. ಒಂದು ಜಗುಲಿ, ಒಂದು ಕಂಬ, ಅಷ್ಟೇ.

"ಏನ್ರೀ ವನಮಾಲಾ, ಕೆಂಪ ಸೀರಿ ಅಂತ ತಿಂಗಳಾತು ಹೇಳಾಕತ್ತೀರಿ," ಅಂದಳು ಸ್ವರ್ಣಲತಾ. "ಇದು ನೋಡಿದರ ಬ್ಲ್ಯಾಕ್ ಅಂಡ್ ವೈಟ್ ಪಿಚ್ಚರ್ ಐತಲ್ರೀ!"

"ಪ್ರಿಂಟು ಹಳೆಯದು," ಅಂದಳು ವನಮಾಲಾ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಆದರೆ ಕಿವಿ ಬಿಸಿಯಾಯಿತು. ಗಂಭೀರ ದನಿಯ ಆ ಗಂಡ ಎತ್ತರದ ಆಳು ಅಂತ ಅವಳು ನಲವತ್ತು ವರ್ಷದಿಂದ ತಿಳಿದಿದ್ದಳು. ಈ ಮನುಷ್ಯ ಕುಳ್ಳ, ಹೊಟ್ಟೆಯ ಮೇಲೆ ಪಂಚೆ ಕಟ್ಟಿದ್ದ.

ಮಾತುಗಳು ಮಾತ್ರ ಒಂದೂ ತಪ್ಪಲಿಲ್ಲ. ಮುಂದಿನ ಮಾತನ್ನು ಅವಳು ನಟರಿಗಿಂತ ಮೊದಲೇ ಹೇಳುತ್ತಿದ್ದಳು. ಎರಡನೆಯ ಹಾಡಿಗೆ ಅವಳ ದನಿ ತಾನಾಗಿ ಏರಿತು. ತಾರಸ್ಥಾಯಿಯಲ್ಲಿ ಸ್ವಲ್ಪ ಒಡೆಯಿತು, ಆದರೂ ನಿಲ್ಲಲಿಲ್ಲ. ವಿಮಲಾ ಬನ್ಸ್ ತಿನ್ನುವುದನ್ನು ನಿಲ್ಲಿಸಿದಳು.

"ಅರೇ ಆಂಟಿ! ನೀವು ಹಾಡ್ತೀರಾ?" ಅಂದಳು ಮಾನಸಿ. ಅವಳು ಟಿವಿ ಬಿಟ್ಟು ವನಮಾಲಾಳನ್ನೇ ನೋಡುತ್ತಿದ್ದಳು.

"ಮೊದಲು ಹಾಡ್ತಿದ್ದೆ," ಅಂದಳು ವನಮಾಲಾ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅಷ್ಟು ಸಂತೋಷವಾಗಿತ್ತು.

ತೊಂದರೆ ಶುರುವಾದದ್ದು ಎರಡನೆಯ ಡಿಸ್ಕಿನಲ್ಲಿ. ಈ ಸಿನಿಮಾದಲ್ಲಿ ಮಾತಿಲ್ಲದ ಜಾಗಗಳು ಬಹಳ ಇದ್ದವು. ಹೆಂಡತಿ ಬಡಿಸಿಟ್ಟ ಎಲೆಯ ಎದುರು ಕೂತಿದ್ದಾಳೆ, ಗಂಡ ಬರುವುದಿಲ್ಲ, ಅವಳು ಎಲೆಯನ್ನು ಎತ್ತಿ ಹಸುವಿಗೆ ಹಾಕುತ್ತಾಳೆ. ಗಂಡ ವೀಣೆಗೆ ಬಟ್ಟೆ ಮುಚ್ಚಿ, ಅದರ ಮೇಲೆ ತನ್ನ ಕೋಟು ಇಡುತ್ತಾನೆ. ರೇಡಿಯೋದವರು ಇಂಥದ್ದನ್ನೆಲ್ಲ ಕತ್ತರಿಸಿ ಹಾಕಿದ್ದರು. ಸದ್ದೇ ಇಲ್ಲದ್ದನ್ನು ಅವರಾದರೂ ಹೇಗೆ ಬಿತ್ತರಿಸುವುದು?

"ಇಲ್ಲಿ ಎಂತ ಆಗ್ತಾ ಉಂಟು, ಅಕ್ಕ?" ಅಂತ ವಿಮಲಾ ಎರಡು ಸಲ ಕೇಳಿದಳು.

"ನೋಡು, ಗೊತ್ತಾಗ್ತದೆ," ಅಂದಳು ವನಮಾಲಾ. ಅವಳಿಗೇ ಗೊತ್ತಿರಲಿಲ್ಲ. ಬರೀ ಮಾತುಗಳಲ್ಲಿ ಕೇಳಿದಾಗ ಮುಂಗೋಪಿಯಾಗಿದ್ದ ಗಂಡ, ಮಾತಿಲ್ಲದ ಜಾಗದಲ್ಲಿ ಬೇರೆಯೇ ಮನುಷ್ಯನಾಗಿದ್ದ. ಅವನಿಗೆ ಕೋಪ ಇದ್ದ ಹಾಗೆ ಕಾಣಲಿಲ್ಲ. ಹೆಂಡತಿ ಎನ್ನುವವಳು ಒಬ್ಬಳು ಮನೆಯಲ್ಲಿದ್ದಾಳೆ ಎಂಬುದೇ ಅವನ ಗಮನದಲ್ಲಿರಲಿಲ್ಲ.

ಕೊನೆಯ ದೃಶ್ಯ ಬಂತು. ವನಮಾಲಾ ಮಾನಸಿಯ ಕಡೆ ತಿರುಗಿ ಕೂತಳು. ಟಿವಿಯನ್ನು ನೋಡುವ ಅಗತ್ಯ ಅವಳಿಗಿರಲಿಲ್ಲ, ಹುಡುಗಿಯ ಮುಖವನ್ನು ನೋಡಬೇಕಿತ್ತು. ಬಾಗಿಲು ಕಿರುಗುಟ್ಟಿತು. "ಬಾ. ನಿನ್ನ ವೀಣೆ ಅಲ್ಲೇ ಇದೆ, ಯಾರೂ ಮುಟ್ಟಿಲ್ಲ." ಹೆಜ್ಜೆಯ ಸಪ್ಪಳ ಒಳಗೆ ಹೋಯಿತು. ವೀಣೆ ಶುರುವಾಯಿತು. ಮಾನಸಿಯ ಹುಬ್ಬು ಮೇಲೇರಿತು. ಆಮೇಲೆ ಅವಳು ನಿಧಾನಕ್ಕೆ ಮುಂದೆ ಬಾಗಿ ಕೂತಳು.

ವನಮಾಲಾ ಟಿವಿಯ ಕಡೆ ತಿರುಗಿದಳು. ಹೆಂಡತಿ ಮನೆಯ ಒಳಗೆ ನಿಂತಿದ್ದಳು, ಆದರೆ ವೀಣೆ ನುಡಿಸುತ್ತಿರಲಿಲ್ಲ. ವೀಣೆಯ ಮೇಲಿನ ಬಟ್ಟೆಯನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ, ಅದನ್ನು ಎತ್ತಿ ಎದೆಗೆ ಒರಗಿಸಿಕೊಂಡಳು. ಗಂಡನ ಪಕ್ಕದಿಂದಲೇ ದಾಟಿ ಹೊಸ್ತಿಲು ಇಳಿದಳು. ನುಡಿಯುತ್ತಿದ್ದ ವೀಣೆ ಹಿನ್ನೆಲೆಯದು. ಅದು ನುಡಿಯುತ್ತಲೇ ಇತ್ತು, ಅವಳು ದಾರಿಯಲ್ಲಿ ನಡೆಯುತ್ತಲೇ ಇದ್ದಳು. ಗಂಡ ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಅಷ್ಟು ದೂರ ಓಡಿ, ಹಳ್ಳದ ಮೇಲಿನ ಸಂಕದ ಹತ್ತಿರ ನಿಂತ. ಅವಳು ತಿರುಗಿ ನೋಡಲಿಲ್ಲ. ಮುಗಿಯಿತು.

"ಅಯ್ಯ, ಹಿಂಗ ಮುಗೀತೇನ್ರೀ? ಛಲೋ ಐತಿ ಬಿಡ್ರಿ, ಆವಾಗಿನ ಕಾಲಕ್ಕ ಇಷ್ಟು ಧೈರ್ಯ!" ಅಂದಳು ಸ್ವರ್ಣಲತಾ. ವಿಮಲಾ ಕೊನೆಯನ್ನು ನೋಡಿಯೇ ಇರಲಿಲ್ಲ, ಅದೇ ಹೊತ್ತಿಗೆ ದೇಜಪ್ಪನ ಫೋನು ಬಂದು ಬಾಲ್ಕನಿಗೆ ಹೋಗಿದ್ದಳು. ಮಾನಸಿ ಎದ್ದು ತಟ್ಟೆಗಳನ್ನು ಸಿಂಕಿಗೆ ಒಯ್ದಳು. ವಾಪಸ್ ಬಂದು, ಏನೋ ಕೇಳುವವಳ ಹಾಗೆ ವನಮಾಲಾಳ ಎದುರು ನಿಂತಳು. ಕೇಳದೆ, "ಥ್ಯಾಂಕ್ಸ್ ಆಂಟಿ," ಅಂದು ತಾಯಿಯೊಂದಿಗೆ ಹೊರಟಳು.

ಎಲ್ಲರೂ ಹೋದ ಮೇಲೆ ವಿಷ್ಣುಮೂರ್ತಿ ಖಾಲಿ ತಟ್ಟೆ ಹಿಡಿದು ಹೊರಗೆ ಬಂದರು. ಟಿವಿ ಆರಿಹೋಗಿತ್ತು.

"ಮುಗೀತಾ ನಿಮ್ಮದು?" ಅಂದರು. "ಆ ಮನುಷ್ಯ ಒಂದೇ ಚಪ್ಪಲಿ ಹಾಕ್ಕೊಂಡು ಓಡ್ತಾನಲ್ಲ, ಆಗ ಥಿಯೇಟರಿನಲ್ಲಿ ನಾವೆಲ್ಲ ಎಷ್ಟು ನಗಾಡಿದ್ದು."

ವನಮಾಲಾ ತಲೆ ಎತ್ತಿದಳು. "ಯಾವಾಗ?"

ವಿಷ್ಣುಮೂರ್ತಿ ತಟ್ಟೆಯನ್ನು ನೋಡಿದರು. ಹೇಳಿದ್ದನ್ನು ನುಂಗುವ ಹಾಗಿರಲಿಲ್ಲ. "ಮದುವೆಗೆ ಮೊದಲು. ಉಡುಪಿಯಲ್ಲಿ ಬಂದಿತ್ತು. ನಾವು ನಾಲ್ಕು ಜನ ಹೋಗಿದ್ದೆವು."

"ಅಂದ್ರೆ ನಾನು ಬಸ್ಸಿಳಿದು ಬಂದು, ಆ ಸಿನಿಮಾ ಕೇಳಿ ವಾಪಸ್ ಬಂದೆ ಅಂತ ಹೇಳಿದಾಗ ನಿಮಗೆ ಕೊನೆ ಗೊತ್ತಿತ್ತು."

"ಗೊತ್ತಿತ್ತು."

"ಆಮೇಲೆ ಮೂವತ್ತಮೂರು ವರ್ಷ ಎಲ್ಲರ ಹತ್ತಿರ ಹೇಳುವಾಗಲೂ ಗೊತ್ತಿತ್ತು."

"ಬಂದವಳಿಗೆ ಎಂತ ಹೇಳುವುದು, ವನಮಾಲಾ? ಹೇಳಿದ್ರೆ ನೀನು ಆ ಬ್ಯಾಗನ್ನು ಕೆಳಗೇ ಇಡ್ತಿರಲಿಲ್ಲ." ಅವರ ದನಿಯಲ್ಲಿ ತಪ್ಪು ಮಾಡಿದವನ ಅಳುಕಿರಲಿಲ್ಲ. ಒಳ್ಳೆಯ ಕೆಲಸವನ್ನೇ ಮಾಡಿದೆ ಅಂತ ಅವರು ನಿಜಕ್ಕೂ ನಂಬಿದ್ದರು. "ಈಗ ಅದೆಲ್ಲ ಯಾಕೆ? ಚೆನ್ನಾಗೇ ಇದ್ದೇವಲ್ಲ."

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅದೂ ಜೋರಾಗಿ ಬರಲಿಲ್ಲ. ಇಪ್ಪತ್ನಾಲ್ಕು ವರ್ಷದ ಒಬ್ಬ ಹುಡುಗಿ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಾಳೆ, ಎದುರಿಗಿರುವವನಿಗೆ ಎಲ್ಲ ಗೊತ್ತಿದೆ, ಅವನು ಬಾಯಿ ಬಿಡುತ್ತಿಲ್ಲ. ಹಾರ್ಮೋನಿಯಂ ಹೋದದ್ದಕ್ಕಿಂತ ಇದು ದೊಡ್ಡದು ಅಂತ ಅನ್ನಿಸಿತು. ಅವಳು ಚಪ್ಪಲಿ ಹಾಕಿಕೊಂಡು ಹೊರಟಳು.

"ಎಲ್ಲಿಗೆ?" ಅಂದರು ವಿಷ್ಣುಮೂರ್ತಿ.

"ಏಳನೇ ಮಾಳಿಗೆಗೆ."

ಬಾಗಿಲು ತೆರೆದ ವಿಮಲಾಳ ಮುಖ ಅರಳಿತ್ತು. ವನಮಾಲಾಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕ, ನಿಮ್ಮ ಸಿನಿಮಾ ಕೆಲಸ ಮಾಡಿತು ನೋಡಿ! ಆದಿತ್ಯವಾರದವರೆಗೆ ಕಾಯುವುದಿಲ್ಲಂತೆ, ನಾಳೆಯೇ ಐರೋಲಿಗೆ ಹೋಗ್ತಾಳಂತೆ. ಇವರಿಗೆ ಫೋನು ಮಾಡಿ ಹೇಳಿದೆ, ಒಂದು ತಿಂಗಳ ಮೇಲೆ ಅವರು ನಗಾಡಿದ್ದು ಕೇಳಿದೆ. ನಿಮ್ಮ ಋಣ ಹೇಗೆ ತೀರಿಸುವುದೋ ನಾನು. ಬನ್ನಿ ಒಳಗೆ, ಬ್ಯಾಗು ಕಟ್ಟುತ್ತಿದ್ದಾಳೆ."

ಒಳಗಿನ ಕೋಣೆಯ ಮಂಚದ ಮೇಲೆ ದೊಡ್ಡ ಬ್ಯಾಗೊಂದು ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಏನೂ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಬ್ಯಾಗು, ಅದೂ ಖಾಲಿ. ಮಾನಸಿ ಒಂದು ಕಾಗದದ ಮೇಲೆ ಬರೆಯುತ್ತಿದ್ದಳು. ಡಿಗ್ರಿ ಸರ್ಟಿಫಿಕೇಟು, ಪಾಸ್‌ಪೋರ್ಟು, ಚಳಿಯ ಬಟ್ಟೆ, ಹೊಲಿಗೆ ಮಷೀನಿನ ಮೋಟಾರು. ವನಮಾಲಾಳನ್ನು ಕಂಡು ಪೆನ್ನು ನಿಲ್ಲಿಸಿದಳು. ಬಾಗಿಲ ಹೊರಗಿನ ತಾಯಿಯ ಕಡೆ ಕಣ್ಣು ಹಾಯಿಸಿ, ತುಟಿಯ ಮೇಲೆ ಬೆರಳಿಟ್ಟಳು.

"ಆಂಟಿ, ಪ್ಲೀಸ್," ಅಂದಳು ಮೆಲ್ಲಗೆ. "ವಾಪಸ್ ಬಂದ ಮೇಲೆ ಮಮ್ಮಿಗೆ ಹೇಳ್ತೇನೆ. ಈಗ ಹೇಳಿದ್ರೆ ಹೋಗ್ಲಿಕ್ಕೇ ಬಿಡುವುದಿಲ್ಲ. ನೀವು ಚುಪ್ ಇದ್ರೆ ಸಾಕು."

ಹೊರಗೆ ವಿಮಲಾ ಹಾಲು ಬಿಸಿಗಿಡುತ್ತ ಏನೋ ಗುನುಗುತ್ತಿದ್ದಳು. ವನಮಾಲಾ ಸುಮ್ಮನಿದ್ದರೆ ಆ ಗುನುಗು ನಾಳೆ ಸಂಜೆಯವರೆಗೆ ನಡೆಯುತ್ತಿತ್ತು, ಗುರುವಾರಗಳೂ ಇನ್ನಷ್ಟು ದಿನ ನಡೆಯುತ್ತಿದ್ದವು. ಹೇಳಿದರೆ ಈ ಬಿಲ್ಡಿಂಗಿನಲ್ಲಿ ಮತ್ತೆ ವಾಚ್‌ಮನ್ ಒಬ್ಬನೇ ಉಳಿಯಬಹುದು. ಅದೆಲ್ಲ ಅವಳಿಗೆ ಗೊತ್ತಾಯಿತು.

"ಸುಮ್ಮನಿರುವುದು ಬೇಡ ಮಗಾ," ಅಂದಳು. "ನಾನು ನಿನ್ನ ಜೊತೆಗೇ ನಿಂತುಕೊಳ್ತೇನೆ. ನಾಳೆ ಬೇಕಾದ್ರೆ ಐರೋಲಿಗೂ ಬರ್ತೇನೆ. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗುವುದಿಲ್ಲ."

ಮಾನಸಿ ಅವಳನ್ನು ನೋಡಿದಳು. ಆಮೇಲೆ ಬೆರಳನ್ನು ತುಟಿಯಿಂದ ತೆಗೆದಳು.

ವನಮಾಲಾ ಅಡುಗೆಮನೆಯ ಬಾಗಿಲಿಗೆ ಹೋದಳು. "ವಿಮಲಾ, ಗ್ಯಾಸು ಆರಿಸು. ಇವಳು ನಾಳೆ ಐರೋಲಿಗೆ ಹೋಗುವುದು ಅಲ್ಲಿ ಇರ್ಲಿಕ್ಕೆ ಅಲ್ಲ. ತನ್ನ ಸಾಮಾನು ತರ್ಲಿಕ್ಕೆ."

ವಿಮಲಾಳಿಗೆ ಮೊದಲು ಅರ್ಥವಾಗಲಿಲ್ಲ. ಮಗಳ ಮುಖ ನೋಡಿದಳು, ಮಂಚದ ಮೇಲಿನ ಬ್ಯಾಗುಗಳನ್ನು ನೋಡಿದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಯಾರೂ ಆರಿಸಲಿಲ್ಲ.

"ನೀವೇ ಹೇಳಿಕೊಟ್ರಾ?" ಅಂದಳು ವಿಮಲಾ. ಸಿಟ್ಟಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಜಗತ್ತಿಗೆಲ್ಲ ಹೇಳ್ತಾ ತಿರುಗಿದ್ರಲ್ಲ ಅಕ್ಕ, ಆ ಸಿನಿಮಾದಿಂದಲೇ ಗಂಡನ ಮನೆಗೆ ವಾಪಸ್ ಬಂದೆ ಅಂತ! ಮತ್ತೆ ನೀವು ಬಂದದ್ದು ಹೇಗೆ?"

"ನಾನು ಕೊನೆ ನೋಡಿರಲಿಲ್ಲ, ವಿಮಲಾ," ಅಂದಳು ವನಮಾಲಾ. "ನೋಡಿದವರು ನನಗೆ ಹೇಳಲಿಲ್ಲ."